ಕೈಮರವೂ ಬಾವುಟವೂ

ನಿಲ್ದಾಣ ಇನ್ನೂ ಅರ್ಧ ಮೈಲಿ ಇರುವಂತೆಯೇ ಗಾಡಿ ಬಯಲಿನಲ್ಲಿ ನಿಂತುಬಿಟ್ಟರೆ ಪ್ರಯಾಣಿಕರಾದ ನಮಗೆ ತಾಳ್ಮೆ ತಪ್ಪುವುದು ಸಹಜ. ಕೈಮರ ಬಿದ್ದಿಲ್ಲವೆಂದು ಯಾರೋ ಹೇಳುತ್ತಾರೆ. ಬಹುಪಾಲು ನಿಲ್ದಾಣಗಳಲ್ಲಿ ಕೈಮರದ ತೋಳು ಹೋಗಿ ಬಣ್ಣದ ದೀಪಗಳು ಬಂದಿವೆ. ಆದರೂ ಹಿರಿಯರ ಬಾಯಲ್ಲಿ ಅದು ಇಂದಿಗೂ ಕೈಮರವೇ. ತೋಳು ಅಡ್ಡಲಾಗಿ ನಿಂತರೆ ತಡೆ, ಕೆಳಕ್ಕೆ ಬಿದ್ದರೆ ದಾರಿ. ಅದನ್ನು ಬೀಳಿಸದೆ ನಮ್ಮನ್ನು ಕಾಯಿಸುವಾತನು ಸುಮ್ಮನೆ ಕುಳಿತಿದ್ದಾನೆಂದು ನಾವು ಗೊಣಗುತ್ತೇವೆ. ವಾಸ್ತವವಾಗಿ ಅವನ ಕೆಲಸದಲ್ಲಿ ಮುಕ್ಕಾಲು ಪಾಲು ಈ ಬೀಳಿಸದಿರುವುದೇ ಆಗಿದೆ.

ಸಂಕೇತವೆಂಬುದು ಒಂದು ಬಗೆಯ ಮಾತು. ಆದರೆ ನಾವು ದಿನವೂ ಆಡುವ ಮಾತಿಗೂ ಇದಕ್ಕೂ ಬಹಳ ಅಂತರವಿದೆ. ನಮ್ಮ ಮಾತಿನಲ್ಲಿ ಊಹೆಗೆ ಎಡೆಯುಂಟು. ‘ಬಂದಿರಬೇಕು’, ‘ಹೋಗಿರಬಹುದು’ ಎಂದರೆ ನಡೆಯುತ್ತದೆ. ಸಂಕೇತದಲ್ಲಿ ‘ಬಹುದು’ ಎಂಬ ರೂಪವೇ ಇಲ್ಲ. ಹೇಳುವವನು ತಾನು ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳಬೇಕು. ಕೇಳಿದವನು ಕೇಳಿದ್ದನ್ನು ಮರುನುಡಿಯಬೇಕು. ಮರುನುಡಿ ಬರುವವರೆಗೆ ಆ ಮಾತು ಆಡಿದಂತೆಯೇ ಅಲ್ಲ. ರೈಲಿನ ಕ್ಯಾಬಿನ್ನಿನಲ್ಲಿಯೂ ಯುದ್ಧನೌಕೆಯ ಮೇಲಟ್ಟದಲ್ಲಿಯೂ ಈ ಎರಡು ಕಟ್ಟಳೆಗಳು ಒಂದೇ ಆಗಿರುವುದನ್ನು, ಅವು ಸಡಿಲವಾದಾಗ ಏನಾಯಿತೆಂಬುದನ್ನು ಇಲ್ಲಿ ನೋಡೋಣ.

ರಸ್ತೆಯ ಮೇಲೆ ಬಸ್ಸಿನವನು ಎದುರಿಗೆ ಎತ್ತಿನ ಗಾಡಿ ಕಂಡರೆ ಬ್ರೇಕು ಹಾಕುತ್ತಾನೆ. ರೈಲಿನವನಿಗೆ ಆ ಸೌಕರ್ಯವಿಲ್ಲ. ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ಉರುಳುವಾಗ ಹಿಡಿತ ಕಡಿಮೆ. ವೇಗದ ಗಾಡಿಯೊಂದು ಪೂರ್ತಿಯಾಗಿ ನಿಲ್ಲಲು ಅರ್ಧ ಮೈಲಿಗೂ ಮಿಕ್ಕ ದೂರ ಬೇಕಾಗುವುದುಂಟು. ತಿರುವಿನಲ್ಲಿಯೋ ಇರುಳಿನಲ್ಲಿಯೋ ಅಷ್ಟು ದೂರ ಕಾಣುವುದೇ ಇಲ್ಲ. ಆದುದರಿಂದ ಡ್ರೈವರನು ತನ್ನ ಕಣ್ಣನ್ನು ನಂಬಿ ನಡೆಯುವಂತಿಲ್ಲ. ಬೇರೊಬ್ಬನ ಮಾತನ್ನು ನಂಬಿ ನಡೆಯಬೇಕು.

ಮೊದಮೊದಲು ಈ ಮಾತಿನ ಬದಲು ಗಡಿಯಾರವನ್ನು ನಂಬಿದ್ದರು. ಒಂದು ಗಾಡಿ ಹೊರಟ ಇಷ್ಟು ನಿಮಿಷಗಳ ಮೇಲೆ ಇನ್ನೊಂದನ್ನು ಬಿಡುವುದು. ಅಷ್ಟರಲ್ಲಿ ಮೊದಲನೆಯದು ಮುಂದಿನ ನಿಲ್ದಾಣವನ್ನು ಸೇರಿರುತ್ತದೆಂಬ ಲೆಕ್ಕ. ಸೇರದಿದ್ದರೆ? 1889ರ ಜೂನ್ 12ರಂದು ಐರ್ಲೆಂಡಿನ ಆರ್ಮಾ ಎಂಬಲ್ಲಿ ಹೀಗೆಯೇ ಆಯಿತು. ಭಾನುವಾರದ ಶಾಲೆಯ ಮಕ್ಕಳೂ ಅವರ ಮನೆಯವರೂ ತುಂಬಿದ್ದ ವಿಹಾರದ ಗಾಡಿಯೊಂದು ಏರಿನಲ್ಲಿ ನಿಂತುಹೋಯಿತು. ಗಾಡಿಯನ್ನು ಎರಡಾಗಿ ಬಿಡಿಸಿ ಮುಂದಿನ ಭಾಗವನ್ನು ಒಯ್ಯಲು ಹೋದಾಗ ಹಿಂದಿನ ಡಬ್ಬಿಗಳು ಇಳಿಜಾರಿನಲ್ಲಿ ಜಾರಿ, ಗಡಿಯಾರದ ಲೆಕ್ಕದಂತೆ ಹಿಂದಿನಿಂದ ಬರುತ್ತಿದ್ದ ಗಾಡಿಗೆ ಅಪ್ಪಳಿಸಿದುವು. ಸುಮಾರು 80 ಜನ ಸತ್ತರು. ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟು ಕಾನೂನು ಮಾಡಿ, ಪ್ರಯಾಣಿಕರ ಗಾಡಿ ಓಡುವ ಕಡೆಗಳಲ್ಲಿ ಕಾಲದ ಅಂತರವನ್ನು ಬಿಟ್ಟು ಸ್ಥಳದ ಅಂತರವನ್ನು ಪಾಲಿಸಬೇಕೆಂದು ಕಡ್ಡಾಯಪಡಿಸಿತು. ಎರಡು ನಿಲ್ದಾಣಗಳ ನಡುವಣ ದಾರಿಗೆ ಬ್ಲಾಕ್ ಎಂದು ಹೆಸರು. ಒಂದು ಬ್ಲಾಕಿನಲ್ಲಿ ಒಂದು ಕಾಲಕ್ಕೆ ಒಂದೇ ಗಾಡಿ. ಕೇಳಲು ಎಷ್ಟು ಸರಳ! ಆದರೆ ಬ್ಲಾಕ್ ಖಾಲಿಯಾಗಿದೆಯೆಂದು ಹೇಳುವವರಾರು, ಅವರಿಗೆ ಹೇಗೆ ಗೊತ್ತು ಎಂಬಲ್ಲಿ ಸಂಕೇತಗಾರನ ವಿದ್ಯೆಯೆಲ್ಲ ಅಡಗಿದೆ.

ನಮ್ಮ ದೇಶದ ಹಳೆಯ ಪದ್ಧತಿಯನ್ನೇ ತೆಗೆದುಕೊಳ್ಳೋಣ. ಗಾಡಿಯನ್ನು ಕಳುಹಿಸಬೇಕಾದ ಸ್ಟೇಷನ್ ಮಾಸ್ತರರು ಮುಂದಿನ ನಿಲ್ದಾಣವನ್ನು ‘ಲೈನ್ ಕ್ಲಿಯರ್’ ಕೇಳುತ್ತಾರೆ. ಅಲ್ಲಿಯ ಮಾಸ್ತರರು ಕೊಡಬೇಕಾದರೆ, ಹಿಂದಿನ ಗಾಡಿ ಪೂರ್ತಿಯಾಗಿ ಒಳಗೆ ಬಂದಿರಬೇಕು. ಅದರ ಹಿಂದೆ ಸಿಗ್ನಲ್ಲುಗಳನ್ನು ಮತ್ತೆ ತಡೆಗೆ ಹಾಕಿರಬೇಕು. ಅಷ್ಟೇ ಅಲ್ಲದೆ ನಿಲ್ದಾಣದ ಮೊದಲ ತಡೆ ಸಿಗ್ನಲ್ಲಿನಿಂದ ಒಳಕ್ಕೆ ಇನ್ನೂ ಒಂದಿಷ್ಟು ಹಳಿ ಬರಿದಾಗಿರಬೇಕು. ತೋಳು ಬೀಳುವ ಹಳೆಯ ಕೈಮರಗಳಿದ್ದ ಕಡೆ ಈ ಹೆಚ್ಚುವರಿ ದೂರ 400 ಮೀಟರು, ಬಣ್ಣದ ದೀಪಗಳಿರುವ ಕಡೆ 180 ಮೀಟರು. ಡ್ರೈವರನ ಲೆಕ್ಕ ತುಸು ತಪ್ಪಿ ಗಾಡಿ ಸಿಗ್ನಲನ್ನು ದಾಟಿ ನಿಂತರೂ ಏನನ್ನೂ ಮುಟ್ಟಬಾರದೆಂದು ಈ ಏರ್ಪಾಡು.

ಟೆಲಿಫೋನಿನಲ್ಲಿ ಹೀಗೆ ಮಾತು ಕೊಡುವಾಗ ಒಂದು ಸ್ವಾರಸ್ಯವಾದ ಪದ್ಧತಿಯುಂಟು. ಅದಕ್ಕೆ ‘ಪ್ರೈವೇಟ್ ನಂಬರ್’ ಎನ್ನುತ್ತಾರೆ. ಯಾವ ಕ್ರಮವೂ ಇಲ್ಲದೆ ಅಂಕಿಗಳನ್ನು ಅಚ್ಚು ಹಾಕಿಸಿದ ಹಾಳೆಯೊಂದು ಪ್ರತಿಯೊಬ್ಬ ಮಾಸ್ತರರ ಬಳಿಯಲ್ಲಿಯೂ ಇರುತ್ತದೆ. ಅದನ್ನು ಇನ್ನೊಬ್ಬರಿಗೆ ತೋರಿಸಕೂಡದು. ಮಾತು ಕೊಟ್ಟಾಗ ಅದರ ಜೊತೆಗೆ ಹಾಳೆಯ ಮುಂದಿನ ಅಂಕಿಯನ್ನೂ ಹೇಳಿ, ಅದನ್ನು ಹೊಡೆದುಹಾಕುತ್ತಾರೆ. ಕೇಳಿದವರು ಅದನ್ನು ಮರುನುಡಿದು ತಮ್ಮ ರಿಜಿಸ್ಟರಿನಲ್ಲಿ ಗಂಟೆ ನಿಮಿಷಗಳೊಡನೆ ಬರೆದುಕೊಳ್ಳುತ್ತಾರೆ. ಆ ಅಂಕಿಗೆ ಸ್ವತಃ ಯಾವ ಅರ್ಥವೂ ಇಲ್ಲ. 47 ಆದರೂ ಸರಿ, 12 ಆದರೂ ಸರಿ. ಆದರೆ ಅದು ಎರಡು ರಿಜಿಸ್ಟರುಗಳಲ್ಲಿಯೂ ಒಂದೇ ಆಗಿದ್ದರೆ, ಇಂಥವರು ಇಂಥವರಿಗೆ ಮಾತು ಕೊಟ್ಟದ್ದು ನಿಜ, ಅವರು ಕೇಳಿಸಿಕೊಂಡದ್ದೂ ನಿಜ ಎಂದು ಸಾಬೀತಾಗುತ್ತದೆ. ‘ಸರಿ ಸರಿ’, ‘ಆಯಿತು’ ಎಂಬ ಅಭ್ಯಾಸದ ಮಾತುಗಳಿಂದ ಎಷ್ಟು ಕೆಟ್ಟಿದೆಯೆಂದು ಬಲ್ಲವರೇ ಇದನ್ನು ಕಂಡುಹಿಡಿದಿರಬೇಕು.

ಒಂಟಿ ಹಳಿಯ ದಾರಿಯಲ್ಲಿ ಮಾತು ಸಾಲದೆಂದು ಕೈಗೆ ಒಂದು ವಸ್ತುವನ್ನೇ ಕೊಡುತ್ತಿದ್ದರು. ನೀಲ್ ಎಂಬವರ ಹೆಸರಿನ ಯಂತ್ರದಿಂದ ಲೋಹದ ಗುಂಡೊಂದನ್ನು ಹೊರತೆಗೆದು, ಚರ್ಮದ ಚೀಲದಲ್ಲಿ ಹಾಕಿ, ಚೀಲವನ್ನು ದೊಡ್ಡ ಬೆತ್ತದ ಬಳೆಗೆ ಕಟ್ಟಿ ಎಂಜಿನ್ನಿನವನಿಗೆ ಒಪ್ಪಿಸುವುದು. ಓಡುವ ಎಂಜಿನ್ನಿನಿಂದ ಒಬ್ಬನು ಬಾಗಿ ತೋಳಿಗೆ ಬಳೆ ಸಿಕ್ಕಿಸಿಕೊಳ್ಳುತ್ತಿದ್ದುದನ್ನು ನಮ್ಮ ಹಿಂದಿನ ತಲೆಮಾರಿನವರು ಕಂಡಿದ್ದಾರೆ. ಎರಡು ನಿಲ್ದಾಣಗಳ ಯಂತ್ರಗಳಿಗೂ ವಿದ್ಯುತ್ತಿನ ಸಂಬಂಧವಿರುವುದರಿಂದ, ಒಂದು ಗುಂಡು ಹೊರಗಿರುವಾಗ ಎರಡು ಕಡೆಯಲ್ಲಿಯೂ ಇನ್ನೊಂದು ಗುಂಡು ಹೊರಬಾರದು. ಗುಂಡು ಕೈಯಲ್ಲಿಲ್ಲದ ಡ್ರೈವರನಿಗೆ ಬ್ಲಾಕಿಗೆ ಹೋಗುವ ಅಧಿಕಾರವೂ ಇಲ್ಲ.

ಗಾಡಿ ‘ಪೂರ್ತಿಯಾಗಿ’ ಬಂದಿರಬೇಕೆಂದೆನಷ್ಟೆ. ನಡುವೆ ಕೊಂಡಿ ತುಂಡಾಗಿ ನಾಲ್ಕು ಡಬ್ಬಿ ಹಿಂದೆ ಉಳಿದಿದ್ದರೆ? ಅದಕ್ಕೆಂದೇ ಕೊನೆಯ ಡಬ್ಬಿಯ ಬೆನ್ನಿಗೆ ದೊಡ್ಡ ಗುಣಾಕಾರದ ಗುರುತು, ‘ಎಲ್‌ವಿ’ ಎಂಬ ಹಲಗೆ, ಇರುಳಿಗೆ ಕೆಂಪು ದೀಪ. ಅದನ್ನು ಕಂಡಲ್ಲದೆ ಗಾಡಿ ಬಂದಿತೆಂದು ಹೇಳಕೂಡದು. ವೇದಿಕೆಯ ತುದಿಯಲ್ಲಿ ಹಸಿರು ಬಾವುಟ ಹಿಡಿದು ಹೋಗುವ ಗಾಡಿಯನ್ನು ಕೊನೆಯವರೆಗೂ ನೋಡುತ್ತ ನಿಲ್ಲುವ ಸಿಬ್ಬಂದಿಯವರು ಮರ್ಯಾದೆಗಾಗಿ ನಿಂತಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

1995ರ ಆಗಸ್ಟ್ 20ರ ಬೆಳಗಿನ ಜಾವ ಉತ್ತರಪ್ರದೇಶದ ಫಿರೋಜಾಬಾದಿನ ಬಳಿ ಕಾಳಿಂದಿ ಎಕ್ಸ್‌ಪ್ರೆಸ್ ಒಂದು ನೀಲಗಾಯಿಗೆ ಬಡಿದು ಬ್ರೇಕು ಕೆಟ್ಟು ನಿಂತಿತು. ಅದು ಮುಂದೆ ಹೋಗಿದೆಯೆಂದೇ ತಿಳಿದು ಹಿಂದಿನ ಪುರುಷೋತ್ತಮ ಎಕ್ಸ್‌ಪ್ರೆಸ್ಸಿಗೆ ದಾರಿ ಕೊಟ್ಟರು. 300ಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ಹೋಗಿದೆ ಎಂಬುದಕ್ಕೂ ಹೋಗಿರಬೇಕು ಎಂಬುದಕ್ಕೂ ವ್ಯಾಕರಣದಲ್ಲಿ ಇರುವ ಅಂತರ ಸ್ವಲ್ಪ.

ಯಂತ್ರದಿಂದ ಇದನ್ನೆಲ್ಲ ತಡೆಯಲಾಗದೇ ಎಂದು ವಾಚಕರು ಕೇಳಬಹುದು. ತಡೆಯುವ ಪ್ರಯತ್ನವೇ ‘ಇಂಟರ್‌ಲಾಕಿಂಗ್’. 1856ರಲ್ಲಿ ಜಾನ್ ಸ್ಯಾಕ್ಸ್‌ಬಿ ಎಂಬ ಇಂಗ್ಲಿಷ್ ಬಡಗಿ ಈ ಬಗೆಯ ಯಂತ್ರಕ್ಕೆ ಪೇಟೆಂಟ್ ಪಡೆದನು. ಕ್ಯಾಬಿನ್ನಿನಲ್ಲಿ ಸಾಲಾಗಿ ನಿಂತ ಲಿವರುಗಳಿಗೆ ಅಡಿಯಲ್ಲಿ ಒಂದರೊಡನೊಂದು ಬೀಗ. ಹಳಿ ಕವಲೊಡೆಯುವ ಕಡೆ ಗಾಡಿಯನ್ನು ಇತ್ತಲೋ ಅತ್ತಲೋ ತಿರುಗಿಸುವ ಪಾಯಿಂಟು ಸರಿಯಾಗಿ ಕೂಡದಿದ್ದರೆ ಅದರ ಸಿಗ್ನಲ್ಲಿನ ಲಿವರು ಅಲುಗುವುದಿಲ್ಲ. ಸಿಗ್ನಲ್ ಕೊಟ್ಟ ಮೇಲೆ ಪಾಯಿಂಟನ್ನು ತಿರುಗಿಸಲಾಗುವುದಿಲ್ಲ. ಎದುರು ಬದುರಾದ ಎರಡು ದಾರಿಗಳನ್ನು ಒಟ್ಟಿಗೆ ಕೊಡಲೂ ಆಗದು. ಸಿಗ್ನಲ್ಲು ಸುಳ್ಳಾಡದಂತೆ ಅದರ ನಾಲಿಗೆಯನ್ನು ಹಳಿಗೇ ಕಟ್ಟಿಹಾಕಿದಂತಾಯಿತು. ಆದರೆ ಹಳೆಯ ಲಿವರಿನ ಯಂತ್ರಕ್ಕೆ ತನ್ನ ಲಿವರುಗಳು ಗೊತ್ತೇ ಹೊರತು, ಕ್ಯಾಬಿನ್ನಿನ ಮುಂದೆ ಹಳಿಯ ಮೇಲೆ ಗಾಡಿಯೊಂದು ನಿಂತಿದೆಯೆಂಬುದು ಗೊತ್ತಿರಲಿಲ್ಲ. ಅದನ್ನು ಮನುಷ್ಯನೇ ನೆನಪಿನಲ್ಲಿಡಬೇಕಾಗಿತ್ತು. ನೆನಪಿಗೆ ಸಹಾಯವಾಗಲೆಂದು ಒಂದು ಕಬ್ಬಿಣದ ಬಳೆಯನ್ನು ಲಿವರಿಗೆ ತೊಡಿಸುವ ಪದ್ಧತಿಯಿತ್ತು. ಬಳೆಯಿದ್ದರೆ ಲಿವರನ್ನು ಎಳೆಯಲಾಗದು.

ಆ ಬಳೆಯನ್ನು ತೊಡಿಸದೆ ಹೋದ ಬೆಳಗ್ಗೆಯೊಂದರ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 1915ರ ಮೇ 22. ಸ್ಕಾಟ್ಲೆಂಡಿನ ಗಡಿಯಲ್ಲಿ ಕ್ವಿಂಟಿನ್ಸ್‌ಹಿಲ್ ಎಂಬ ಒಂಟಿ ಕ್ಯಾಬಿನ್ನು. ರಾತ್ರಿಯ ಪಾಳಿಯವನು ಮೀಕಿನ್, ಹಗಲಿನವನು ಟಿನ್ಸ್ಲಿ. ಬೆಳಿಗ್ಗೆ 6ಕ್ಕೆ ಪಾಳಿ ಬದಲಾಗಬೇಕು. ಆದರೆ ಅರ್ಧ ಗಂಟೆ ತಡವಾಗಿ ಬರುವ ಲೋಕಲ್ ಗಾಡಿ ಈ ಕ್ಯಾಬಿನ್ನಿನಲ್ಲಿ ನಿಲ್ಲುವ ದಿನಗಳಲ್ಲಿ ಹಗಲಿನವನು ಅದನ್ನೇ ಹತ್ತಿ ಬರುತ್ತಿದ್ದನು. 6ರ ಮೇಲೆ ಬಂದ ಗಾಡಿಗಳ ವಿವರವನ್ನು ಮೀಕಿನ್ ಬೇರೆ ಕಾಗದದಲ್ಲಿ ಗೀಚಿಡುವನು. ಟಿನ್ಸ್ಲಿ ಬಂದು ಅದನ್ನು ತನ್ನ ಕೈಬರಹದಲ್ಲಿ ರಿಜಿಸ್ಟರಿಗೆ ನಕಲು ಮಾಡುವನು. ಮೇಲಧಿಕಾರಿಗಳು ನೋಡಿದರೆ ಪಾಳಿ ಸರಿಯಾಗಿಯೇ ಬದಲಾದಂತೆ ಕಾಣಬೇಕಲ್ಲವೆ! ಸ್ನೇಹಿತರ ನಡುವಣ ಸಣ್ಣ ಹೊಂದಾಣಿಕೆ. ಇಂಥದು ನಡೆಯದ ಕಛೇರಿ ಯಾವುದಿದ್ದೀತು?

ಆ ದಿನ ಪಕ್ಕದ ಎರಡು ಲೂಪುಗಳಲ್ಲಿಯೂ ಗೂಡ್ಸ್ ಗಾಡಿಗಳಿದ್ದುದರಿಂದ ಲೋಕಲ್ ಗಾಡಿಯನ್ನು ಎದುರಿನ ಮುಖ್ಯ ಹಳಿಯ ಮೇಲೆ ನಿಲ್ಲಿಸಿದರು. ಲಿವರಿಗೆ ಬಳೆ ಹಾಕಲಿಲ್ಲ. ನಿಯಮದಂತೆ ಲೋಕಲ್ಲಿನ ಫೈರ್‌ಮನ್ನನು ಕ್ಯಾಬಿನ್ನಿಗೆ ಬಂದು, ‘ನಮ್ಮ ಗಾಡಿ ಇಲ್ಲಿ ನಿಂತಿದೆ’ ಎಂದು ನೆನಪಿಸಿ ಸಹಿ ಮಾಡಬೇಕು; ಬಳೆ ಹಾಕಿದೆಯೇ ಎಂದು ನೋಡಬೇಕು. ಅವನು ಬಂದನು, ಸಹಿಯನ್ನೂ ಮಾಡಿದನು, ಬಳೆಯನ್ನು ನೋಡಲಿಲ್ಲ. ಟಿನ್ಸ್ಲಿ ನಕಲು ಮಾಡುತ್ತ ಕುಳಿತನು. ಅಷ್ಟರಲ್ಲಿ ಸೈನಿಕರ ಗಾಡಿಯೊಂದಕ್ಕೆ ದಾರಿ ಕೇಳಿ ಗಂಟೆ ಬಾರಿಸಿತು. ಟಿನ್ಸ್ಲಿ ದಾರಿ ಕೊಟ್ಟನು, ಸಿಗ್ನಲ್ ಎಳೆದನು. ಹಳಿಯ ಮೇಲೆ ಅವನ ಕಣ್ಣೆದುರಿಗೇ ಅಡ್ಡವಾಗಿ ನಿಂತಿದ್ದುದು, ಕೆಲವೇ ನಿಮಿಷಗಳ ಹಿಂದೆ ಅವನೇ ಹತ್ತಿ ಬಂದಿದ್ದ ಗಾಡಿ. ಡಿಕ್ಕಿಯಾದ ಸ್ವಲ್ಪ ಹೊತ್ತಿನಲ್ಲಿಯೇ ಇನ್ನೊಂದು ಕಡೆಯಿಂದ ಎಕ್ಸ್‌ಪ್ರೆಸ್ ಬಂದು ಆ ಅವಶೇಷಗಳಿಗೆ ನುಗ್ಗಿತು. ಗ್ಯಾಸಿನ ದೀಪಗಳಿದ್ದ ಮರದ ಡಬ್ಬಿಗಳಿಗೆ ಬೆಂಕಿ ಹತ್ತಿತು. ಸತ್ತವರು 200ಕ್ಕೂ ಹೆಚ್ಚು. ಬಹುಮಂದಿ ಯುದ್ಧಕ್ಕೆ ಹೊರಟಿದ್ದ ರಾಯಲ್ ಸ್ಕಾಟ್ಸ್ ದಳದ ಯುವಕರು. ಇಬ್ಬರು ಸಂಕೇತಗಾರರೂ ಜೈಲಿಗೆ ಹೋದರು.

ಇಲ್ಲಿ ದುಷ್ಟರು ಯಾರೂ ಇಲ್ಲ, ದಡ್ಡರೂ ಇಲ್ಲ. ನಿಯಮ ಕೇಳಿದ್ದು ಎರಡು ಮಾತು: ಬಳೆ ಹಾಕು, ಹಾಕಿದೆಯೆಂದು ನೋಡಿ ಸಹಿ ಮಾಡು. ಸಹಿ ಉಳಿಯಿತು, ನೋಡುವುದು ಹೋಯಿತು. ಬಹುಕಾಲ ಅಪಾಯವಾಗದಿದ್ದರೆ ನಿಯಮವು ಬರೀ ಶಾಸ್ತ್ರವಾಗಿ ಕಾಣತೊಡಗುವುದು ಮನುಷ್ಯಸ್ವಭಾವ.

ಇನ್ನು ಹಳಿಯಿಲ್ಲದ ದಾರಿಗೆ ಬರೋಣ. ಸಮುದ್ರದಲ್ಲಿ ಹಡಗನ್ನು ಹಿಡಿದು ನಡೆಸುವ ಕಂಬಿಗಳಿಲ್ಲ, ಲಿವರಿಗೆ ಬೀಗವಿಲ್ಲ. ಹತ್ತಾರು ಯುದ್ಧನೌಕೆಗಳು ಸಾಲಾಗಿ ಹೋಗುವಾಗ ಅವನ್ನು ಒಂದಾಗಿ ತಿರುಗಿಸುವುದು ಅಡ್ಮಿರಲನ ಹಡಗಿನಿಂದ ಹೊರಡುವ ಸಂಕೇತವೊಂದೇ. ವೈರ್‌ಲೆಸ್ ಬರುವ ಮುಂಚೆ ಹಗಲಿನಲ್ಲಿ ಬಾವುಟ ಮತ್ತು ತೋಳುಗಳು, ಇರುಳಿನಲ್ಲಿ ದೀಪ ಇವಿಷ್ಟೇ ಸಾಧನ. ಶತ್ರುವಿಗೆ ಕೇಳಿಸದಂತೆ ಮೌನವಾಗಿರಬೇಕಾದಾಗ ಅವು ಇಂದಿಗೂ ಬೇಕು. ದೀಪದಲ್ಲಿ ಮೋರ್ಸ್ ಲಿಪಿಯಿಂದ ಸಂದೇಶ ಕಳುಹಿಸುವಾಗ ಓದುವವನು ಒಂದೊಂದು ಪದ ಮುಗಿದಾಗಲೂ ಒಂದು ಉದ್ದನೆಯ ಮಿನುಗನ್ನು ಹಿಂದಕ್ಕೆ ಕೊಡಬೇಕು. ಆ ಮಿನುಗು ಬರದಿದ್ದರೆ ಕಳುಹಿಸುವವನು ಅದೇ ಪದವನ್ನು ಮತ್ತೆ ಕಳುಹಿಸುತ್ತಾನೆ.

ಬಾವುಟದ ಪದ್ಧತಿ ಇನ್ನೂ ಸೊಗಸಾಗಿದೆ. ಅಡ್ಮಿರಲನ ಹಡಗಿನಲ್ಲಿ ಸಂಕೇತದ ಬಾವುಟಗಳು ಏರಿದೊಡನೆ ಉಳಿದ ಹಡಗುಗಳು ಕೆಂಪು ಬಿಳಿ ಪಟ್ಟಿಗಳ ಉದ್ದನೆಯ ಬಾವುಟವೊಂದನ್ನು ಅರ್ಧಕ್ಕೆ ಏರಿಸುತ್ತವೆ. ಹಾಗೆಂದರೆ, ‘ಕಂಡೆ, ಇನ್ನೂ ತಿಳಿಯಲಿಲ್ಲ’. ಅರ್ಥವಾದ ಮೇಲೆ ಅದನ್ನು ತುದಿಗೇರಿಸಬೇಕು. ಎಲ್ಲ ಹಡಗುಗಳೂ ತುದಿಗೇರಿಸಿದ್ದನ್ನು ನೋಡಿ ಅಡ್ಮಿರಲನ ಹಡಗು ತನ್ನ ಬಾವುಟಗಳನ್ನು ಕೆಳಗಿಳಿಸುತ್ತದೆ. ಇಳಿದ ಆ ಕ್ಷಣವೇ ಕಾರ್ಯದ ಕ್ಷಣ. ಕಾಣುವುದು ಬೇರೆ, ತಿಳಿಯುವುದು ಬೇರೆ, ಮಾಡುವುದು ಬೇರೆ ಎಂಬ ಮೂರು ಮೆಟ್ಟಿಲುಗಳನ್ನು ಒಂದು ಹಗ್ಗದ ಮೇಲೆ ತೋರಿಸಿದ್ದಾರೆ.

ಸಂಕೇತಗಾರನೆಂದರೆ ಬರಿಯ ಬಾವುಟ ಕಟ್ಟುವವನಲ್ಲ. 1805ರ ಅಕ್ಟೋಬರ್ 21ರಂದು ಟ್ರಫಾಲ್ಗರಿನ ಕದನಕ್ಕೆ ಮುಂಚೆ ನೆಲ್ಸನ್ನನು, ಪ್ರತಿಯೊಬ್ಬನೂ ಕರ್ತವ್ಯ ಮಾಡುವನೆಂದು ಇಂಗ್ಲೆಂಡು ನಂಬಿದೆ ಎಂಬ ಸಂದೇಶ ಕೊಡಲು ಬಯಸಿದನು. ಸಂಕೇತದ ಅಧಿಕಾರಿ ಪಾಸ್ಕೊ, ‘ನಂಬಿದೆ’ ಎಂಬ ಪದ ಸಂಕೇತಕೋಶದಲ್ಲಿಲ್ಲ, ಅಕ್ಷರ ಅಕ್ಷರವಾಗಿ ಕಟ್ಟಬೇಕಾಗುತ್ತದೆ, ‘ನಿರೀಕ್ಷಿಸುತ್ತದೆ’ ಎಂದರೆ ಒಂದೇ ಗುರುತಿನಲ್ಲಿ ಆಗುತ್ತದೆ ಎಂದನು. ನೆಲ್ಸನ್ ಒಪ್ಪಿದನು. ಇತಿಹಾಸಪ್ರಸಿದ್ಧವಾದ ಆ ವಾಕ್ಯದ ಕ್ರಿಯಾಪದ ಹೀಗೆ ಒಬ್ಬ ಲೆಫ್ಟಿನೆಂಟನ ಆಯ್ಕೆ.

ಅಂಥ ಮಾತನ್ನು ಕೇಳುವ ಅಡ್ಮಿರಲರು ಯಾವಾಗಲೂ ಸಿಕ್ಕುವುದಿಲ್ಲ. 1893ರ ಜೂನ್ 22ರಂದು ಇಂದಿನ ಲೆಬನಾನಿನ ಟ್ರಿಪೋಲಿಯ ಎದುರು ಬ್ರಿಟಿಷ್ ನೌಕಾದಳ ಎರಡು ಸಾಲಾಗಿ ಸಾಗುತ್ತಿತ್ತು. ಒಂದರ ತಲೆಯಲ್ಲಿ ‘ವಿಕ್ಟೋರಿಯಾ’ ಹಡಗಿನಲ್ಲಿ ಅಡ್ಮಿರಲ್ ಟ್ರಯನ್, ಇನ್ನೊಂದರ ತಲೆಯಲ್ಲಿ ‘ಕ್ಯಾಂಪರ್‌ಡೌನ್’ ಹಡಗಿನಲ್ಲಿ ರಿಯರ್ ಅಡ್ಮಿರಲ್ ಮಾರ್ಕಮ್. ಎರಡು ಸಾಲುಗಳೂ ಒಂದರ ಕಡೆಗೊಂದು ಒಳಮುಖವಾಗಿ ತಿರುಗಬೇಕೆಂದು ಟ್ರಯನ್ನನ ಬಾವುಟ ಹೇಳಿತು. ನಡುವಣ ಅಂತರ ಆರು ಕೇಬಲ್, ಎಂದರೆ ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು. ಆ ಗಾತ್ರದ ಹಡಗುಗಳು ಎದುರುಬದುರು ತಿರುಗಲು ಅದು ಸಾಲದೆಂಬುದು ಮಾರ್ಕಮನಿಗೆ ಹೊಳೆಯಿತು. ಆತನು ತನ್ನ ಉತ್ತರದ ಬಾವುಟವನ್ನು ಅರ್ಧದಲ್ಲಿಯೇ ನಿಲ್ಲಿಸಿದನು: ಕಂಡೆ, ತಿಳಿಯಲಿಲ್ಲ. ಟ್ರಯನ್ನನ ಹಡಗಿನಿಂದ, ಏನನ್ನು ಕಾಯುತ್ತಿರುವೆ ಎಂಬ ಪ್ರಶ್ನೆ ಎಲ್ಲರೂ ನೋಡುವಂತೆ ಬಂದಿತು. ಮಾರ್ಕಮ್ ಬಾವುಟವನ್ನು ತುದಿಗೇರಿಸಿದನು. ಹಡಗುಗಳು ತಿರುಗಿದುವು. ‘ಕ್ಯಾಂಪರ್‌ಡೌನ್’ನ ಮೂತಿ ‘ವಿಕ್ಟೋರಿಯಾ’ದ ಪಕ್ಕೆಗೆ ಹೊಕ್ಕಿತು. ಟ್ರಯನ್ ಸಹಿತ 358 ಜನ ಮುಳುಗಿದರು.

ಟ್ರಯನ್ ಅವಿವೇಕಿಯಾಗಿದ್ದರೆ ಈ ಘಟನೆಯಲ್ಲಿ ಕಲಿಯುವುದು ಹೆಚ್ಚಿರುತ್ತಿರಲಿಲ್ಲ. ಅವನು ತನ್ನ ಕಾಲದ ನಿಪುಣ ನಾವಿಕ. ಸಂಕೇತಗಳನ್ನೇ ಅತಿಯಾಗಿ ನೆಚ್ಚಿ ಕಾಯಬಾರದೆಂದು ಅಧಿಕಾರಿಗಳಿಗೆ ಕಲಿಸುತ್ತಿದ್ದವನು. ವಿಚಾರಣೆಯ ಸೇನಾ ನ್ಯಾಯಾಲಯವು, ಮಾರ್ಕಮನು ತನ್ನ ಸಂದೇಹವನ್ನು ಮೊದಲು ಎಣಿಸಿದ್ದಂತೆ ತಿಳಿಸದೆ ಹೋದುದು ವಿಷಾದಕರವೆಂದಿತು. ಅದೇ ಉಸಿರಿನಲ್ಲಿ, ಎದುರಿಗಿದ್ದ ದಂಡನಾಯಕನ ಆಜ್ಞೆಯನ್ನು ನಡೆಸಿದ್ದಕ್ಕೆ ಅವನನ್ನು ತಪ್ಪಿತಸ್ಥನೆನ್ನಲಾಗದೆಂದಿತು. ಈ ತೀರ್ಪು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಅರ್ಧಕ್ಕೆ ನಿಂತ ಬಾವುಟವೂ ಒಂದು ಸಂಕೇತವೇ. ಆ ಬೆಳಕಿನಲ್ಲಿ ಅಂದು ಇಡೀ ದಳದಲ್ಲಿ ಸರಿಯಾದ ಮಾತಾಡಿದ್ದು ಅದೊಂದೇ; ಅದನ್ನು ಓದಬೇಕಾದವನು ಓದಲಿಲ್ಲ.

1916ರ ಮೇ 31ರ ಜಟ್ಲೆಂಡ್ ಕದನದಲ್ಲಿ ತೊಡಕು ಬೇರೆ ಬಗೆಯದು. ಅಡ್ಮಿರಲ್ ಬೀಟಿ ದಿಕ್ಕು ಬದಲಿಸಿದಾಗ ಏರಿಸಿದ ಬಾವುಟ, ಮೈಲಿಗಳ ದೂರದಲ್ಲಿದ್ದ ನಾಲ್ಕು ದೊಡ್ಡ ಯುದ್ಧನೌಕೆಗಳಿಗೆ ಹೊಗೆಯ ನಡುವೆ ಓದಲು ಬರಲಿಲ್ಲ. ಅವು ಕೆಲವು ನಿಮಿಷ ಬೇರೆ ದಿಕ್ಕಿನಲ್ಲಿ ಸಾಗಿ ಹಿಂದುಳಿದುವು. ಮರುನುಡಿ ಬಂದಿತೇ ಎಂದು ನೋಡಿ, ಬರದಿದ್ದರೆ ದೀಪದಿಂದ ಮತ್ತೆ ಹೇಳಿದ್ದರೆ ಸಾಕಾಗಿತ್ತು.

ನಮ್ಮ ನೌಕಾಪಡೆಯ ಚರಿತ್ರೆಯಲ್ಲಿಯೂ ಸಂಕೇತಗಾರರಿಗೆ ಒಂದು ಸ್ಥಾನವಿದೆ. 1946ರ ಫೆಬ್ರವರಿ 18ರಂದು ನಾವಿಕರ ಮುಷ್ಕರ ಆರಂಭವಾದದ್ದು ಮುಂಬಯಿಯ ‘ತಲ್ವಾರ್’ ಎಂಬ ಸಂಕೇತ ತರಬೇತಿ ಕೇಂದ್ರದಲ್ಲಿ. ಅವರ ಸಮಿತಿಯ ಅಧ್ಯಕ್ಷ ಎಂ. ಎಸ್. ಖಾನ್ ಸಂಕೇತಗಾರ, ಉಪಾಧ್ಯಕ್ಷ ಮದನ್ ಸಿಂಗ್ ಟೆಲಿಗ್ರಾಫಿನವರು. ಸುದ್ದಿ ವೈರ್‌ಲೆಸ್ಸಿನ ಮೂಲಕ ಹಡಗಿನಿಂದ ಹಡಗಿಗೆ ಹಬ್ಬಿತು. ದಿನವೂ ಇತರರ ಮಾತುಗಳನ್ನೇ ಹೊತ್ತವರು ಅಂದು ತಮ್ಮ ಮಾತನ್ನು ಕಳುಹಿಸಿದರು.

ಮತ್ತೆ ಹಳಿಗೆ ಬರೋಣ. ಮಾರ್ಕಮನ ಸಂದೇಹಕ್ಕೆ ಸಮುದ್ರದಲ್ಲಿ ಸಿಗದ ಬೆಲೆ ರೈಲಿನಲ್ಲಿ ನಿಯಮದ ರೂಪದಲ್ಲಿಯೇ ಇದೆ. ಕೈಮರದ ತಂತಿ ಹರಿದರೆ ತೋಳು ಭಾರದಿಂದ ತಾನಾಗಿ ತಡೆಗೆ ಬರುವಂತೆ ಕಟ್ಟಿರುತ್ತಾರೆ. ಇರಬೇಕಾದ ದೀಪ ಉರಿಯದಿದ್ದರೆ ಅದು ಅತ್ಯಂತ ಕಟ್ಟುನಿಟ್ಟಾದ ಸಂಕೇತವನ್ನೇ ತೋರಿಸುತ್ತಿದೆಯೆಂದು ಡ್ರೈವರನು ಭಾವಿಸಬೇಕು. ನಮ್ಮಲ್ಲಿ ಮೌನ ಸಮ್ಮತಿಯ ಲಕ್ಷಣವೆನ್ನುತ್ತಾರೆ. ರೈಲಿನಲ್ಲಿ ಮೌನವೆಂದರೆ ‘ಬೇಡ’.

ಈಗ ಲಿವರುಗಳ ಬದಲು ವಿದ್ಯುನ್ಮಾನ ಯಂತ್ರ, ಮಾಸ್ತರರ ಮುಂದೆ ಬೆಳಕಿನ ಫಲಕ. ಹಳಿಯ ಮೇಲೆ ಗಾಡಿಯಿದ್ದರೆ ಅದೇ ತೋರಿಸುತ್ತದೆ. ಟಿನ್ಸ್ಲಿಯಂತೆ ಮರೆಯಲು ಎಡೆಯೇ ಇಲ್ಲ. ಆದರೆ ಯಂತ್ರದ ಮಾತನ್ನು ಹೊರಗಿನ ಪಾಯಿಂಟಿಗೆ ಒಯ್ಯುವುದು ತಂತಿ; ತಂತಿಯನ್ನು ಕಟ್ಟುವವನು, ಕಟ್ಟಿದ ಮೇಲೆ ಪರೀಕ್ಷಿಸುವವನು ಮನುಷ್ಯನೇ. 2022ರ ಮೇ 16ರಂದು ಆಗ್ನೇಯ ರೈಲ್ವೆಯ ಖರಗಪುರ ವಿಭಾಗದ ಒಂದು ನಿಲ್ದಾಣದಲ್ಲಿ ತಂತಿಯ ದೋಷದಿಂದ ಸಿಗ್ನಲ್ ತೋರಿದ ದಾರಿ ಒಂದು, ಗಾಡಿ ಹಿಡಿದ ದಾರಿ ಇನ್ನೊಂದಾಯಿತು. 2023ರ ಫೆಬ್ರವರಿ 8ರಂದು ನಮ್ಮ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ಹೊರಟಾಗ ಮುಂದಿನ ಪಾಯಿಂಟು ತಪ್ಪು ಹಳಿಯ ಕಡೆಗೆ ತಿರುಗಿತ್ತು. ಹೊರಡುವ ಅಪ್ಪಣೆ ಕೈಯಲ್ಲಿದ್ದರೂ ಲೋಕೋ ಪೈಲಟ್ ಕಣ್ಣಿಟ್ಟು ನೋಡಿ, ಪಾಯಿಂಟು ಮುಟ್ಟುವ ಮೊದಲೇ ಗಾಡಿಯನ್ನು ನಿಲ್ಲಿಸಿದರು. ಯಾರಿಗೂ ಗಾಯವಾಗಲಿಲ್ಲ. ಮರುದಿನವೇ ನೈಋತ್ಯ ರೈಲ್ವೆಯ ಸಂಚಾರ ವಿಭಾಗದ ಮುಖ್ಯಾಧಿಕಾರಿಗಳು, ಫಲಕದಲ್ಲಿ ದಾರಿ ಸರಿಯಾಗಿ ಕಂಡರೂ ನೆಲದ ಮೇಲೆ ಬದಲಾಗುವಂಥ ಗಂಭೀರ ದೋಷ ವ್ಯವಸ್ಥೆಯಲ್ಲಿದೆಯೆಂದು ಪತ್ರ ಬರೆದು ಎಚ್ಚರಿಸಿದರು.

ಅದೇ ವರ್ಷ ಜೂನ್ 2ರ ಸಂಜೆ ಒಡಿಶಾದ ಬಹಾನಗಾ ಬಜಾರ್ ನಿಲ್ದಾಣದಲ್ಲಿ ಕೋರಮಂಡಲ ಎಕ್ಸ್‌ಪ್ರೆಸ್ಸಿಗೆ ಮುಖ್ಯ ಹಳಿಯ ಹಸಿರು ದೀಪ ಸಿಕ್ಕಿತು. ಪಾಯಿಂಟು ಲೂಪಿನ ಕಡೆಗಿತ್ತು. ಲೂಪಿನಲ್ಲಿ ಕಬ್ಬಿಣದ ಅದಿರಿನ ಗೂಡ್ಸ್ ಗಾಡಿ ನಿಂತಿತ್ತು. ಹಳಿ ತಪ್ಪಿದ ಡಬ್ಬಿಗಳು ಬೆಂಗಳೂರಿನಿಂದ ಹೌರಾಕ್ಕೆ ಹೋಗುತ್ತಿದ್ದ ಗಾಡಿಯ ಹಿಂಭಾಗಕ್ಕೂ ಬಡಿದುವು. 290ಕ್ಕೂ ಹೆಚ್ಚು ಜನ ಸತ್ತರು. ಹತ್ತಿರದ ಲೆವೆಲ್ ಕ್ರಾಸಿಂಗಿನ ಗೇಟಿಗಾಗಿ ಸಿಗ್ನಲ್ ತಂತಿಗಳಲ್ಲಿ ಮಾಡಿದ ಬದಲಾವಣೆಗಳಲ್ಲಿ ಲೋಪವಿತ್ತೆಂದು ರೈಲ್ವೆ ಸುರಕ್ಷತಾ ಕಮಿಷನರರು ಕಂಡುಕೊಂಡರು. 2022ರ ಮೇ ತಿಂಗಳ ಆ ಘಟನೆಯ ತರುವಾಯ ತಕ್ಕ ಕ್ರಮ ಕೈಗೊಂಡಿದ್ದರೆ ಬಹಾನಗಾದಲ್ಲಿ ಅಪಘಾತವಾಗುತ್ತಿರಲಿಲ್ಲವೆಂದೂ ಅವರ ವರದಿಯಲ್ಲಿದೆ.